ಹೆಸರಿನ ಜಾಗದಲ್ಲಿ ಒಂದು ಪ್ಲಸ್

ಏಳನೇ ಪೆಟ್ಟಿಗೆಯನ್ನು ಈಗಷ್ಟೇ ಕಪಾಟಿನಿಂದ ತೆಗೆದುಕೊಂಡವರು ತನಿಖಾಧಿಕಾರಿಗಳೇ ಎಂದು ಪರದೆ ಹೇಳುತ್ತಿತ್ತು. ಗಂಟೆ ಹತ್ತು ಇಪ್ಪತ್ತೆರಡು. ತನಿಖಾಧಿಕಾರಿಗಳು ಮಾತ್ರ ಪರದೆಯ ಎದುರಿಗೇ ಕುಳಿತು ಕಾಫಿಗೆ ಬಿಸ್ಕತ್ತು ಅದ್ದುತ್ತಿದ್ದರು.

ಅದ್ದಿದ ಬಿಸ್ಕತ್ತು ಮುರಿದು ಲೋಟದ ತಳ ಸೇರಿತು. ಅವರು ಅದರ ಕಡೆ ನೋಡಲಿಲ್ಲ.

"ನಾನು ಕುರ್ಚಿ ಬಿಟ್ಟು ಎದ್ದೇ ಇಲ್ಲವಲ್ಲಮ್ಮ?"

"ಎದ್ದಿಲ್ಲ ಸಾರ್."

"ಹೂಂ."

ಇಲಾಖೆಯಲ್ಲಿ ಅವರಿಗೆ ಹೂಂ ಸಾಹೇಬರು ಎಂದೇ ಹೆಸರು. ಒಪ್ಪಿದರೂ ಹೂಂ, ಒಪ್ಪದಿದ್ದರೂ ಹೂಂ. ಇದು ಯಾವ ಹೂಂ ಎಂದು ತಲೆ ಕೆರೆದುಕೊಳ್ಳುವಷ್ಟರಲ್ಲಿ ಎದುರಿಗಿದ್ದವರು ಹೇಳಬಾರದ್ದನ್ನೆಲ್ಲ ಹೇಳಿ ಮುಗಿಸಿರುತ್ತಿದ್ದರು.

ಈಗ ಎದುರಿಗಿದ್ದವಳು ಆ ತೂಕ-ಅಳತೆ ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಹೆಂಗಸು. ಕಡ್ಡಿ ಮುರಿದ ಹಾಗೆ ಮಾತಾಡುತ್ತಾಳೆಂದು ಚಿಕ್ಕಂದಿನಲ್ಲಿ ಅಕ್ಕ ಇಟ್ಟ ಹೆಸರು ಕಡ್ಡಿ. ಮೂವತ್ತೆಂಟು ತುಂಬಿದರೂ ಮನೆಯಲ್ಲಿ, ಕಚೇರಿಯಲ್ಲಿ ಅದೇ ನಿಂತುಹೋಗಿತ್ತು. ಇವತ್ತು ಮಾತ್ರ ಕಡ್ಡಿಯ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

"ಇನ್ನೊಂದ್ಸಲ ಮಾಡಿ ತೋರ್ಸಿ," ಎಂದರು ಸಾಹೇಬರು. "ನಿಧಾನಕ್ಕೆ. ನಾನು ಹಳೇ ಕಾಲದೋನು."

ಕಡ್ಡಿ ಫಾರಂ ತೆರೆದಳು. ಮೂಲ ತೂಕದ ಬಟ್ಟುಗಳ ಕೋಣೆಯ ಬಾಗಿಲ ಪಕ್ಕ, ಗೋಡೆಯ ಮೇಲಿನ ಪುಟ್ಟ ಪರದೆಯಲ್ಲಿ ಬರುವುದೂ ಇದೇ ಫಾರಂ. ಮೂರು ಖಾನೆ: ಹೆಸರು, ಪೆಟ್ಟಿಗೆ ಸಂಖ್ಯೆ, ಕಾರಣ. ತುಂಬಿ ಗುಂಡಿ ಒತ್ತಿದರೆ ಆ ಪೆಟ್ಟಿಗೆಯ ಕಪಾಟಿನ ಬೀಗ ಕಟಕ್ಕೆಂದು ತೆರೆದುಕೊಳ್ಳುತ್ತದೆ. ಯಾರು, ಯಾವುದನ್ನು, ಎಷ್ಟು ಹೊತ್ತಿಗೆ ತೆಗೆದರು ಎಂಬುದು ದಾಖಲೆಗೆ ಸೇರುತ್ತದೆ. ಬೀಗಕ್ಕೆ ಹೋಗುವ ತಂತಿಯನ್ನು ಬೆಳಿಗ್ಗೆಯೇ ಬಿಚ್ಚಿಟ್ಟಿದ್ದಳು.

ಮೊದಲು ಸಾಹೇಬರ ಹೆಸರಲ್ಲಿ ಮೂರನೇ ಪೆಟ್ಟಿಗೆ ಕೇಳಿದಳು. ಕಾರಣದ ಖಾನೆಯಲ್ಲಿ 'ಸುಮ್ಮನೆ' ಎಂದು ಬರೆದಳು. ದಾಖಲೆಯಲ್ಲಿ ಸರಿಯಾಗಿ ಬಂತು.

ಎರಡನೇ ಸಲ ಹೆಸರಿನ ಖಾನೆಯನ್ನು ಖಾಲಿ ಬಿಟ್ಟಳು. 'ಹೆಸರು ಬರೆಯಿರಿ' ಎಂದು ಕೆಂಪು ಅಕ್ಷರ ಬಂತು.

"ಹೆಸರಿಲ್ಲದೆ ಒಳಗೆ ಬಿಡಲ್ಲ," ಅಂದರು ಸಾಹೇಬರು.

"ಬಿಡಬಾರದು ಸಾರ್. ಆದ್ರೆ ನೋಡಿ." ಕಡ್ಡಿ ಹೆಸರಿನ ಖಾನೆಯಲ್ಲಿ ಬೆರಳಿಟ್ಟು, ಕೀಲಿಮಣೆಯ ಕೆಳಗಿನ ಉದ್ದನೆಯ ಪಟ್ಟಿಯನ್ನು ಒಂದೇ ಒಂದು ಸಲ ಒತ್ತಿದಳು. ಒಂದು ಅಕ್ಷರದಷ್ಟು ಖಾಲಿ ಜಾಗ. ಕಣ್ಣಿಗೆ ಏನೂ ಕಾಣುವುದಿಲ್ಲ. ಪೆಟ್ಟಿಗೆ ಏಳು. ಕಾರಣ ಇಲ್ಲ. ಗುಂಡಿ ಒತ್ತಿದಳು.

ಫಾರಂ ಒಪ್ಪಿಕೊಂಡಿತು. ದಾಖಲೆಯಲ್ಲಿ ಹೊಸ ಸಾಲು ಮೂಡಿತು: ಹೂಂ ಸಾಹೇಬರ ಪೂರ್ತಿ ಹೆಸರು, ಏಳನೇ ಪೆಟ್ಟಿಗೆ, ಕಾರಣ 'ಸುಮ್ಮನೆ'.

"ನನ್ನ ಹೆಸರು ಯಾರು ಹಾಕಿದ್ರು?"

"ನನ್ನ ಸ್ಕ್ರಿಪ್ಟು."

ಹೇಳುವಾಗ ಕಡ್ಡಿಯ ಕಿವಿ ಬಿಸಿಯಾಯಿತು. ಹನ್ನೊಂದು ದಿನದ ಹಿಂದೆ ಏಳನೇ ಪೆಟ್ಟಿಗೆಯಲ್ಲಿದ್ದ ಒಂದು ಕಿಲೋದ ಮೂಲ ಬಟ್ಟು ಮಾಯವಾಗಿ, ಅದರ ಜಾಗದಲ್ಲಿ ಆರು ಗ್ರಾಂ ಕಡಿಮೆ ತೂಗುವ ನಕಲಿ ಕೂತಿತ್ತು. ಊರಿನ ಅಂಗಡಿ ಅಂಗಡಿಯ ತಕ್ಕಡಿಗೂ ಆ ಬಟ್ಟೇ ತಾಯಿ. ಆರೋಪ ಬಿದ್ದದ್ದು ತಕ್ಕಡಿ ರಿಪೇರಿ ಮಾಡುವ ಮೆಕ್ಯಾನಿಕ್ ಮೇಲೆ. ಇಪ್ಪತ್ತಾರು ವರ್ಷ ಕೆಲಸ ಮಾಡಿದ ನೌಕರ, ಕಡ್ಡಿಯ ಅಕ್ಕನ ಗಂಡ, ಸ್ವಂತ ಭಾವ. ಅವರ ವಿರುದ್ಧ ಇದ್ದ ಒಂದೇ ಒಂದು ಸಾಕ್ಷಿ ಈ ದಾಖಲೆ. ಅದು ತಪ್ಪುವುದಿಲ್ಲವೆಂದು ಅದೇ ಸಂಜೆ ಕೂತ ವಿಚಾರಣಾ ಸಮಿತಿಯ ಮುಂದೆ ಎದ್ದುನಿಂತು ಹೇಳಿದವಳು ಕಡ್ಡಿ.

"ಯಾಕಮ್ಮ ಹೀಗಾಗುತ್ತೆ?" ಸಾಹೇಬರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

"ಫಾರಂನಲ್ಲಿ ಬಂದ ಉತ್ತರಗಳನ್ನ ಇಟ್ಕೊಳ್ಳೋಕೆ ಸ್ಕ್ರಿಪ್ಟಿನಲ್ಲಿ ಒಂದು ತಟ್ಟೆ ಥರ ಇರುತ್ತೆ ಸಾರ್. ಪ್ರತಿಯೊಬ್ಬರಿಗೂ ಹೊಸ ತಟ್ಟೆ ಬರುತ್ತೆ ಅಂದ್ಕೊಂಡು ನಾನು ಅದನ್ನ ಫಂಕ್ಷನ್ ಹೆಸರಿನ ಸಾಲಿನಲ್ಲೇ ಬರೆದುಬಿಟ್ಟಿದ್ದೆ. ಪೈಥಾನ್ ಭಾಷೆಯಲ್ಲಿ ಅಲ್ಲಿ ಬರೆದ್ರೆ ತಟ್ಟೆ ಒಂದೇ. ಸ್ಕ್ರಿಪ್ಟು ಎಚ್ಚರ ಇರೋವರೆಗೂ ಅದೇ ತಟ್ಟೆ. ಖಾಲಿ ಉತ್ತರ ಬಂದ್ರೆ ಬಿಟ್ಟುಬಿಡು ಅಂತ ಬೇರೆ ಬರೆದಿದ್ದೀನಿ. ಹೊಸಬರು ಏನೂ ಹಾಕದೆ ಇದ್ರೆ ಹಿಂದಿನವರದ್ದು ಹಾಗೇ ಉಳ್ಕೊಳ್ಳುತ್ತೆ."

"ಅಂದ್ರೆ ಎಂಜಲು ತಟ್ಟೆ."

"...ಹೌದು ಸಾರ್."

"ಮೊದಲಿಂದ್ಲೂ ಹೀಗೇನಾ?"

ಈ ಪ್ರಶ್ನೆ ಬಾರದಿರಲೆಂದು ಕಡ್ಡಿ ಬೆಳಗ್ಗಿನಿಂದ ಬೇಡಿಕೊಳ್ಳುತ್ತಿದ್ದಳು. "ತಪ್ಪು ಮೊದಲಿಂದ್ಲೂ ಇತ್ತು, ಕಾಣ್ತಿರಲಿಲ್ಲ. ಆಗ ಒಬ್ಬೊಬ್ಬರು ಫಾರಂ ತುಂಬಿದಾಗಲೂ ಸ್ಕ್ರಿಪ್ಟು ಎದ್ದು ಕೆಲಸ ಮಾಡಿ ಮಲಗಿಬಿಡ್ತಿತ್ತು. ತಟ್ಟೆ ತಾನಾಗೇ ಹೊಸದಾಗ್ತಿತ್ತು. ನಾಲ್ಕು ತಿಂಗಳ ಹಿಂದೆ, ಬೇಗ ಬೇಗ ಆಗ್ಲಿ ಅಂತ, ಇಡೀ ದಿನ ಎಚ್ಚರ ಇರೋ ಹಾಗೆ ನಾನೇ ಬದಲಾಯಿಸಿದೆ."

"ನಿರ್ದೇಶಕರು ನಿಮಗೆ ಶಹಬ್ಬಾಸ್‌ಗಿರಿ ಕೊಟ್ಟಿದ್ದು ಅದಕ್ಕೇ ಅಲ್ವಾ?"

ಅದಕ್ಕೇ. ಸಭೆಯಲ್ಲಿ ಎಲ್ಲರ ಮುಂದೆ ಚಪ್ಪಾಳೆ ತಟ್ಟಿಸಿದ್ದರು. ಎಲ್ಲರಿಗಿಂತ ಜೋರಾಗಿ ತಟ್ಟಿದ್ದು ಕೊನೆಯ ಸಾಲಿನಲ್ಲಿದ್ದ ಭಾವ.

ನಿನ್ನೆ ಸಂಜೆ ಲ್ಯಾಬ್ ಅಸಿಸ್ಟೆಂಟ್ ನಗುತ್ತಾ ಬಂದು, "ಕಾರಣದ ಜಾಗ ನಾನು ಖಾಲಿ ಬಿಟ್ಟಿದ್ದೆ ಕಣ್ರೀ, ಅದೂ ತುಂಬ್ಕೊಂಡಿದೆ. ನಿಮ್ಮ ಮಿಷನ್ ಮನಸ್ಸಲ್ಲಿರೋದನ್ನೂ ಓದುತ್ತಾ?" ಎಂದು ಕೇಳದೆ ಹೋಗಿದ್ದರೆ ಈ ತಟ್ಟೆ ಇನ್ನೂ ಎಷ್ಟು ಜನರ ಎಂಜಲನ್ನು ಯಾರ್‍ಯಾರಿಗೆ ಬಡಿಸುತ್ತಿತ್ತೋ.

"ಸರಿಮಾಡೋಕೆ ಎಷ್ಟು ಹೊತ್ತು ಬೇಕು?"

"ಒಂದು ಸಾಲು ಸಾರ್. ತಟ್ಟೆಯನ್ನ ಒಂದು ಸಾಲು ಕೆಳಗೆ ಇಟ್ರೆ ಆಯ್ತು. ಎರಡು ನಿಮಿಷ."

"ಮುಟ್ಟಬೇಡಿ. ಅದೀಗ ಸಾಕ್ಷಿ." ಸಾಹೇಬರು ಲೋಟವನ್ನು ಪಕ್ಕಕ್ಕೆ ಸರಿಸಿದರು. "ಇದು ಹೀಗೆ ಆಗಬಹುದು ಅಂತ ತೋರಿಸಿದ್ರಿ. ಆವತ್ತು ಹೀಗೇ ಆಯ್ತು ಅನ್ನೋದಕ್ಕೆ ಏನಿದೆ?"

ಕಡ್ಡಿ ಇನ್ನೊಂದು ಕಡತ ತೆರೆದಳು. ಸ್ಕ್ರಿಪ್ಟನ್ನು ಬದಲಾಯಿಸಿದ ದಿನ, ಫಾರಂನಿಂದ ಬಂದದ್ದನ್ನು ಬಂದ ಹಾಗೇ ಬರೆದಿಟ್ಟುಕೊಳ್ಳಲು ತಾನೇ ಒಂದು ಸಾಲು ಸೇರಿಸಿದ್ದಳು. ಕೆಲಸ ಮುಗಿದ ಮೇಲೆ ಅಳಿಸಬೇಕಿತ್ತು, ಮರೆತಿದ್ದಳು. ನಾಲ್ಕು ತಿಂಗಳಿಂದ ಅದು ಯಾರಿಗೂ ಹೇಳದೆ ಎಲ್ಲವನ್ನೂ ಬರೆದುಕೊಳ್ಳುತ್ತಲೇ ಇತ್ತು. ಅವಳ ಶ್ರದ್ಧೆ ಕೊಟ್ಟ ಸಾಕ್ಷಿಯಲ್ಲ, ಉದಾಸೀನ ಉಳಿಸಿದ ಸಾಕ್ಷಿ.

ಹನ್ನೊಂದು ದಿನ ಹಿಂದಕ್ಕೆ ಹೋದಳು. ಹತ್ತು ಹನ್ನೆರಡಕ್ಕೆ ಒಂದು ಸಾಲು: ಭಾವನ ಹೆಸರು, ಪೆಟ್ಟಿಗೆ ಮೂರು, ಕಾರಣ ಮಾರ್ಕೆಟ್ ತಕ್ಕಡಿ ಪರಿಕ್ಷೆ. ಅದರ ಕೆಳಗೆ ಹನ್ನೊಂದು ನಲವತ್ತಕ್ಕೆ ಇನ್ನೊಂದು. ಹೆಸರು, ಸಮ ಚಿಹ್ನೆ, ಪ್ಲಸ್. ಪೆಟ್ಟಿಗೆ, ಸಮ ಚಿಹ್ನೆ, ಏಳು. ಕಾರಣ, ಸಮ ಚಿಹ್ನೆ, ಆಮೇಲೆ ಏನೂ ಇಲ್ಲ.

ಸಾಹೇಬರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿದರು. "ಹೆಸರಿನ ಜಾಗದಲ್ಲಿ ಪ್ಲಸ್ಸು? ಕೂಡೋ ಲೆಕ್ಕದ್ದಾ?"

"ಅದು ಪ್ಲಸ್ ಅಲ್ಲ ಸಾರ್. ಫಾರಂನಿಂದ ಖಾಲಿ ಜಾಗ ಹೊರಟ್ರೆ ದಾರಿಯಲ್ಲಿ ಅದಕ್ಕೆ ಈ ವೇಷ. ಯಾರೋ ಉದ್ದ ಪಟ್ಟಿ ಒತ್ತಿದ್ದಾರೆ, ಒಂದೇ ಸಲ."

"ಹೂಂ." ಇದು ಬೇರೆ ಥರದ ಹೂಂ. ಸಾಹೇಬರು ಎದ್ದು ಕಿಟಕಿಯ ಹತ್ತಿರ ಹೋದರು. ಕೆಳಗೆ ಅಂಗಳದಲ್ಲಿ ಪರೀಕ್ಷೆಗೆ ಬಂದ ಅಂಗಡಿ ತಕ್ಕಡಿಗಳು ಸಾಲಾಗಿ ಕೂತಿದ್ದವು, ಮುಟ್ಟುವವರಿಲ್ಲದೆ. ಅವನ್ನು ಮುಟ್ಟುತ್ತಿದ್ದ ಕೈಯನ್ನು ಮನೆಯಲ್ಲಿ ಕೂರಿಸಿ ಒಂದು ವಾರ ದಾಟಿತ್ತು.

"ನೋಡಿ, ಕಳ್ಳನಾದವನು ಏನು ಮಾಡ್ತಾನೆ? ಬೇರೆ ಯಾರದ್ದೋ ಹೆಸರು ಬರೀತಾನೆ. ನಿಮ್ಮದು ಬರೀಬಹುದು, ನಿರ್ದೇಶಕರದ್ದು ಬರೀಬಹುದು. ಫಾರಂ ಏನು ಮುಖ ನೋಡುತ್ತಾ? ಇವರು ಯಾರ ಹೆಸರನ್ನೂ ಬರೆದಿಲ್ಲ. ತಮ್ಮದು ಹಾಕೋಕೆ ಭಯ, ಇನ್ನೊಬ್ಬರದ್ದು ಹಾಕೋಕೆ ಮನಸ್ಸಿಲ್ಲ. ಈ ಥರ ಕಳ್ಳರನ್ನ ನನ್ನ ಸರ್ವೀಸಿನಲ್ಲೇ ನೋಡಿಲ್ಲ."

"ಇಲ್ಲಿಗೆ ಬಂದುಹೋಗೋ ಒಬ್ಬ ತಕ್ಕಡಿ ಕಂಪನಿ ಏಜೆಂಟು ಆವತ್ತೂ ಬಂದಿದ್ದ ಅಂತ..."

"ಅವನು ಹತ್ತೂವರೆಗೇ ಹೋದ. ಗೇಟಿನ ಪುಸ್ತಕದಲ್ಲಿದೆ. ನಿರ್ದೇಶಕರು ಹನ್ನೊಂದರಿಂದ ಹನ್ನೆರಡರ ತನಕ ನನ್ನ ಜೊತೆನೇ ಫೋನಲ್ಲಿದ್ರು, ಬೇರೆ ಕೇಸಿನ ವಿಷಯ." ಸಾಹೇಬರು ತಿರುಗಿದರು. "ನೀವೆಲ್ಲಿದ್ರಿ, ಹನ್ನೊಂದು ನಲವತ್ತಕ್ಕೆ?"

"ಮಹಡಿ ಮೇಲೆ. ಪ್ರಿಂಟರ್ ಬಿಚ್ಕೊಂಡು ಕೂತಿದ್ದೆ."

"ನೋಡಿದವರು?"

"ಆ ಹೊತ್ತಿಗೆ ಯಾರೂ ಇರಲಿಲ್ಲ."

ಸಾಹೇಬರು ಅದನ್ನೂ ಡೈರಿಯಲ್ಲಿ ಬರೆದುಕೊಂಡರು.

"ಸೋಮವಾರ ಫೈಲು ಪೊಲೀಸರಿಗೆ ಹೋಗುತ್ತೆ. ಅಷ್ಟರೊಳಗೆ ನಾನು ವರದಿ ಬದಲಾಯಿಸ್ತೀನಿ. ಆದ್ರೆ ನಿಮ್ಮ ಭಾವನಿಗೆ ಇದನ್ನ ನೀವೇ ಹೇಳ್ಬೇಕು. ನಾನು ಹೇಳಿದ್ರೆ ಅದು ಬರೀ ಕಾಗದ." ಅವರು ಟೋಪಿ ಎತ್ತಿಕೊಂಡರು. "ಆವತ್ತು ಸಮಿತಿಯಲ್ಲಿ ನೀವು ಆಡಿದ ಮಾತು ನನಗಿನ್ನೂ ಕಿವಿಯಲ್ಲಿದೆ. ಅವರಿಗೂ ಇರುತ್ತೆ."

* * *

ಅಕ್ಕನ ಮನೆ ಕಚೇರಿಯಿಂದ ಎರಡು ಬೀದಿ ಆಚೆ. ಏಳು ನಿಮಿಷದ ದಾರಿ. ಕಡ್ಡಿಗೆ ಅರ್ಧ ಗಂಟೆ ಹಿಡಿಯಿತು.

ಸಮಿತಿಯ ಮುಂದೆ ಅವಳು ಹೇಳಿದ್ದು ಬರೀ "ದಾಖಲೆ ತಪ್ಪಲ್ಲ" ಎಂದಷ್ಟೇ ಆಗಿದ್ದರೆ ಇಷ್ಟು ಸುಡುತ್ತಿರಲಿಲ್ಲ. ನಿರ್ದೇಶಕರು, "ಬೇರೆ ಯಾರಾದ್ರೂ ಅವರ ಹೆಸರು ಬರೆದಿರಬಹುದಲ್ಲ?" ಎಂದು ಕೇಳಿದ್ದರು. ಭಾವನಿಗೆ ತಪ್ಪಿಸಿಕೊಳ್ಳಲು ಸಿಕ್ಕ ಒಂದೇ ಕಿಂಡಿ ಅದು. ಅದನ್ನೂ ಮುಚ್ಚಿದವಳು ಕಡ್ಡಿ.

"ಸಾಧ್ಯ ಇಲ್ಲ ಸಾರ್. ಎರಡೂ ಸಾಲಿನಲ್ಲಿ 'ಪರಿಕ್ಷೆ' ಅಂತ ಇದೆ, ರೀಗೆ ದೀರ್ಘ ಇಲ್ಲ. ಈ ಕಚೇರಿಯಲ್ಲಿ ಹಾಗೆ ಬರೆಯೋರು ಒಬ್ಬರೇ."

ಯಾರೋ ಕಿಸಕ್ಕೆಂದು ನಕ್ಕಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮನುಷ್ಯ ತನ್ನ ಕೈಗಳನ್ನೇ ನೋಡುತ್ತಾ ಕುಳಿತಿದ್ದರು. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳ ತುದಿಯಲ್ಲಿ ಹಿಡಿಯುವ ಕೈಗಳು. ಅವು ಮೇಜಿನ ಕೆಳಗೆ ಸರಿದುಹೋಗಿದ್ದವು.

ಆ ಕ್ಷಣದಲ್ಲಿ ಕಡ್ಡಿಗೆ ಏನನ್ನಿಸಿತ್ತು? ಅದನ್ನು ನೆನೆದರೆ ಈಗ ಬೀದಿಯಲ್ಲೇ ಮುಖ ಮುಚ್ಚಿಕೊಳ್ಳಬೇಕೆನಿಸುತ್ತಿತ್ತು. ಹೆಮ್ಮೆ ಅನ್ನಿಸಿತ್ತು. ಸ್ವಂತ ಭಾವನೆಂದು ನೋಡದೆ ನ್ಯಾಯ ಹೇಳಿದೆ, ಕಡ್ಡಿ ಎಂದರೆ ಕಡ್ಡಿಯೇ ಎಂದು ಬೆನ್ನು ನೆಟ್ಟಗೆ ಮಾಡಿಕೊಂಡಿದ್ದಳು. ಒಂದೇ ಅಕ್ಷರ, ಅದೇ ತಪ್ಪು, ಕಾರಣದಲ್ಲಿ ಚುಕ್ಕೆಯೂ ಬದಲಾಗಿಲ್ಲ. ಬರೆದದ್ದಲ್ಲ, ಹಳೆಯದೇ ಉಳಿದದ್ದು ಎಂದು ತಿಳಿಯಲು ಅದೇ ಸಾಕಿತ್ತು. ಸ್ಕ್ರಿಪ್ಟು ಬರೆದವಳಿಗೇ ಹೊಳೆಯಲಿಲ್ಲ. ಹೊಳೆಯಲು ಮನಸ್ಸು ಬಿಡಲಿಲ್ಲ.

ಅಕ್ಕ ಬಾಗಿಲು ತೆಗೆದಳು. ತಂಗಿಯನ್ನು ನೋಡಿದಳು, ಸರಿದು ದಾರಿ ಬಿಟ್ಟಳು, ಅಡುಗೆಮನೆಗೆ ಹೋದಳು. ಹನ್ನೊಂದು ದಿನದಿಂದ ಮಾತಿಲ್ಲ. ಕಣ್ಣು ಗುಳಿಬಿದ್ದು, ಮುಖ ಇಳಿದುಹೋಗಿತ್ತು. ಇದೆಲ್ಲ ತನ್ನಿಂದಲೇ ಎಂದು ಕಡ್ಡಿಗೆ ಗೊತ್ತಿತ್ತು.

ಭಾವ ಕಿಟಕಿಯ ಬೆಳಕಿನಲ್ಲಿ ಪಕ್ಕದ ಮನೆಯವರ ಗೋಡೆ ಗಡಿಯಾರವನ್ನು ಬಿಚ್ಚಿಕೊಂಡು ಕುಳಿತಿದ್ದರು. ಕೈಯಲ್ಲಿ ತರಕಾರಿ ಹೆಚ್ಚುವ ಚಾಕು. ಅವರ ಸಲಕರಣೆಗಳ ಪೆಟ್ಟಿಗೆಗೆ ಕಚೇರಿಯವರು ಮೊಹರು ಹಾಕಿಟ್ಟಿದ್ದರು.

"ಬಾ ಕಡ್ಡಿ. ಕೂತ್ಕೋ. ಅಲ್ಲಿ ಸ್ಪ್ರಿಂಗ್ ಇದೆ, ನೋಡ್ಕೊಂಡು."

ಕಡ್ಡಿ ನಿಂತೇ ಇದ್ದಳು. "ಭಾವ, ಒಂದು ವಿಷಯ ಹೇಳ್ಬೇಕಿತ್ತು. ಆ ಫಾರಂ ಇದೆಯಲ್ಲ, ಅದರ ಡೇಟಾ ಓದೋ ಫಂಕ್ಷನ್‌ನಲ್ಲಿ ಒಂದು ಡಿಫಾಲ್ಟ್ ವ್ಯಾಲ್ಯೂ..."

"ನಂಗೆ ಅರ್ಥ ಆಗೋ ಹಾಗೆ ಹೇಳಮ್ಮ."

ತಾನು ಇಂಗ್ಲಿಷ್ ಮಾತುಗಳ ಹಿಂದೆ ಅಡಗಿಕೊಳ್ಳುತ್ತಿದ್ದೇನೆಂದು ಕಡ್ಡಿಗೆ ಹೊಳೆಯಿತು. ಕೂತಳು. ನೆಲ ನೋಡಿದಳು.

"ಏಳನೇ ಪೆಟ್ಟಿಗೆ ಎದುರಿಗೆ ನಿಮ್ಮ ಹೆಸರು ಬಂದಿದ್ದು ತಪ್ಪು. ನೀವು ಬರೆದದ್ದಲ್ಲ. ಯಾರೋ ಹೆಸರು ಹಾಕದೆ ತಗೊಂಡಿದ್ದಾರೆ. ಹಿಂದೆ ನೀವು ಬರೆದಿದ್ದು ಹಾಗೇ ಅಲ್ಲಿ ಅಂಟಿಕೊಂಡಿತ್ತು. ತಪ್ಪು ನಂದು. ಪೂರ್ತಿ ನಂದೇ. ಇವತ್ತು ಬೆಳಿಗ್ಗೆ ತನಿಖೆ ಸಾಹೇಬರಿಗೆ ಮಾಡಿ ತೋರಿಸಿದೆ."

ಗಡಿಯಾರದ ಒಂದು ಚಕ್ರ ಭಾವನ ಬೆರಳ ನಡುವೆ ನಿಂತಿತು.

"ಆ ಪರೀಕ್ಷೆ ಅನ್ನೋದೂ?"

"ಅದೂ. ನೀವು ಬರೆದದ್ದು ಒಂದೇ ಸಲ. ಎರಡನೇದು ಅದರ ಅಂಟು." ಕಡ್ಡಿ ಸ್ಪ್ರಿಂಗನ್ನು ಪಕ್ಕಕ್ಕೆ ಸರಿಸಿದಳು. "ನಾನು ಆವತ್ತು ಅಷ್ಟು ಜನರ ಮುಂದೆ..."

"ಆ ದೀರ್ಘದ ವಿಷಯ ನೀನು ಹೇಳ್ಬಾರ್ದಿತ್ತು ಕಡ್ಡಿ." ಭಾವ ಮೆಲ್ಲಗೆ ಅಂದರು. "ಕಳ್ಳ ಅಂದಿದ್ದು ಅಷ್ಟು ನೋವಾಗ್ಲಿಲ್ಲ."

ಕಡ್ಡಿ ಕಣ್ಣು ತಪ್ಪಿಸಿದಳು. ತಪ್ಪಿಸಿದ ಕಣ್ಣು ಹೋಗಿ ನಿಂತದ್ದು ಗಡಿಯಾರದ ಬಿಡಿಭಾಗಗಳ ಕೆಳಗೆ ಹಾಸಿದ್ದ ಹಳೆಯ ಪತ್ರಿಕೆಯ ಮೇಲೆ. ಅದರ ಅಂಚಿನ ಬಿಳಿ ಜಾಗದ ತುಂಬ ಪೆನ್ಸಿಲಿನಲ್ಲಿ ಒಂದೇ ಪದ. ಪರೀಕ್ಷೆ, ಪರೀಕ್ಷೆ, ಪರೀಕ್ಷೆ. ಮೇಲಿಂದ ಕೆಳಗೆ, ಆಮೇಲೆ ಅಡ್ಡಕ್ಕೆ. ದೀರ್ಘವನ್ನು ಒತ್ತಿ ಒತ್ತಿ ಬರೆದು ಕೆಲವು ಕಡೆ ಕಾಗದ ತೂತಾಗಿತ್ತು.

ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎಂದುಕೊಂಡಳು. ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಅಳು ಬರಲಿಲ್ಲ. ಅಳುವುದಕ್ಕೂ ಒಂದು ಯೋಗ್ಯತೆ ಬೇಕಲ್ಲ.

"ಏಯ್, ಸುಮ್ನಿರು. ಆಯ್ತಲ್ಲ." ಭಾವ ಚಾಕು ಕೆಳಗಿಟ್ಟರು. "ನಂಗೆ ಇನ್ನೊಂದ್ಸಲ ಹೇಳು. ನನ್ನ ಹೆಸರನ್ನ ಯಾರೂ ಬೇಕಂತ ಹಾಕಿಲ್ಲ? ತಾನಾಗೇ ಬಂದಿದ್ದಾ?"

"ತಾನಾಗೇ."

"ನಿನ್ನ ಕೈಯಿಂದ ಅಲ್ಲ?"

"ನನ್ನ ತಪ್ಪಿಂದ. ಆದ್ರೆ ನಾನು ಬೇಕಂತ..."

ಅವಳು ಮುಗಿಸುವ ಮೊದಲೇ ಭಾವನ ಮುಖ ಅರಳಿತು. ತಾನು ನಿರಪರಾಧಿ ಎಂದಾಗ ಅರಳದ ಮುಖ ಈಗ ಅರಳಿತ್ತು. ಕಡ್ಡಿಗೆ ಏನೂ ಅರ್ಥವಾಗಲಿಲ್ಲ.

"ಅಷ್ಟು ಸಾಕು," ಎಂದರು ಭಾವ. "ಅಷ್ಟೇ ನಂಗೆ ಬೇಕಾಗಿದ್ದಿದ್ದು. ಹನ್ನೊಂದು ದಿನ ಅದೊಂದೇ ಕೊರೀತಿತ್ತು."

"ಭಾವ, ನೀವು ಸಮಿತಿ ಮುಂದೆ ಯಾಕೆ ಬಾಯೇ ಬಿಡಲಿಲ್ಲ? ನಾನಲ್ಲ ಅಂತ ಒಂದು ಮಾತಾದ್ರೂ ಹೇಳ್ಬಾರ್ದಿತ್ತಾ?"

ಭಾವ ಅಡುಗೆಮನೆಯ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು. "ನಾನಲ್ಲ ಅಂದ್ರೆ ಮತ್ಯಾರು ಅಂತ ಕೇಳ್ತಿದ್ರು. ನಂಗೆ ಸುಳ್ಳು ಹೇಳೋಕೆ ಬರಲ್ಲ."

"ಅಂದ್ರೆ? ನಿಮಗೆ ಗೊತ್ತಿತ್ತಾ ಯಾರು ಅಂತ?"

"ನೀನು ಯಾಕೆ ತಗೊಂಡೆ ಅಂತ ನಾನು ಕೇಳಲ್ಲ ಕಡ್ಡಿ. ನೀನೂ ಹೇಳ್ಬೇಡ. ಏನೋ ಇಕ್ಕಟ್ಟಿಗೆ ಸಿಕ್ಕಿರ್ತೀಯ."

"ನಾನಾ?"



"ನಿನ್ನ ಚಪ್ಪಲಿ ನೋಡ್ದೆ ಕಣಮ್ಮ." ಭಾವ ಮಗುವಿಗೆ ಸಮಾಧಾನ ಹೇಳುವಂತೆ ಅಂದರು. "ಬಟ್ಟಿನ ಕೋಣೆಗೆ ಧೂಳು ಹೋಗಬಾರದು ಅಂತ ಎಲ್ರೂ ಚಪ್ಪಲಿ ಹೊರಗೆ ಬಿಡ್ತೀವಲ್ಲ. ಆವತ್ತು ನಾನು ಮೂರನೇ ಪೆಟ್ಟಿಗೆ ವಾಪಸ್ ಇಟ್ಟು, ಅಂಗಳಕ್ಕೆ ಹೋಗಿ, ಮತ್ತೆ ಆ ಕಡೆ ಬಂದೆ. ಹನ್ನೊಂದೂಮುಕ್ಕಾಲಕ್ಕೆ ಇನ್ನೂ ಐದು ನಿಮಿಷ ಇತ್ತು. ಬಾಗಿಲ ಹೊರಗೆ ನಿನ್ನ ನೀಲಿ ಪಟ್ಟಿ ಚಪ್ಪಲಿ. ಬೀಗದ ತಂತಿನೋ ಏನೋ ನೋಡ್ತಿದ್ದಾಳೆ ಅಂತ ಹೋಗ್ಬಿಟ್ಟೆ. ಆಮೇಲೆ ಸಮಿತಿಯಲ್ಲಿ ಹನ್ನೊಂದು ನಲವತ್ತು ಅಂದಾಗ ಎದೆ ಧಸಕ್ಕಂತು. ಅದರ ಮೇಲೆ ನೀನೇ ಎದ್ದು ನಿಂತು ನನ್ನ ಹೆಸರು ಹೇಳ್ದೆ. ಇವಳೇ ತಗೊಂಡು ನನ್ನ ಹೆಸರು ಹಾಕಿದ್ದಾಳೆ ಅಂದ್ಕೊಂಡೆ. ಹಾಕಿದ್ರೆ ಹಾಕ್ಲಿ, ಇನ್ನೂ ಸರ್ವೀಸ್ ಇರೋಳು, ನನ್ನದು ಮುಗೀತಾ ಬಂತಲ್ಲ ಅಂತ..."

ಅವರು ನಿಲ್ಲಿಸಿದರು. "ಈಗ ಬೇಕಂತ ಹಾಕಿಲ್ಲ ಅಂದ್ಯಲ್ಲ. ಮನಸ್ಸು ಹಗುರ ಆಯ್ತು."

ಹನ್ನೊಂದು ದಿನ ಈ ಮನುಷ್ಯ ಅವಳನ್ನು ಕಳ್ಳಿ ಎಂದುಕೊಂಡು, ತನ್ನ ತಲೆಯ ಮೇಲೆ ಅಪವಾದ ಹೊರಿಸಿದವಳೆಂದುಕೊಂಡು, ಅವಳನ್ನು ಕಾಪಾಡಿದ್ದರು. ಆ ಹನ್ನೊಂದು ದಿನವೂ ಅವಳು ನ್ಯಾಯ ಹೇಳಿದೆನೆಂದು ಬೀಗಿದ್ದಳು.

"ಇಲ್ಲ ಭಾವ, ನಾನು ಕೆಳಗೆ ಬಂದೇ ಇಲ್ಲ. ನಾನು ಮಹಡಿ ಮೇಲೆ..."

ಅಷ್ಟರಲ್ಲಿ ಅವಳಿಗೆ ನೆನಪಾಯಿತು.

ಆವತ್ತು ಮಹಡಿಯ ಮೇಲೆ ಅವಳು ಬರಿಗಾಲಲ್ಲಿದ್ದಳು. ಭಾವ ಮನೆಯಲ್ಲೇ ಮರೆತ ಕನ್ನಡಕ ಕೊಡಲೆಂದು ಹನ್ನೊಂದೂಕಾಲರ ಹೊತ್ತಿಗೆ ಅಕ್ಕ ಬಂದಿದ್ದಳು. ನೌಕರನ ಹೆಂಡತಿಯೆಂದು ಗೇಟಿನ ಪುಸ್ತಕದಲ್ಲಿ ಅವಳ ಹೆಸರು ಯಾರೂ ಬರೆಯುತ್ತಿರಲಿಲ್ಲ. ಮೆಟ್ಟಿಲು ಹತ್ತುವಾಗ ಅಕ್ಕನ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿತ್ತು. "ನಂದು ಹಾಕ್ಕೊಂಡು ಹೋಗೇ, ನಾನು ಸಂಜೆ ತನಕ ಇಲ್ಲೇ ಇರ್ತೀನಿ," ಎಂದು ಕಡ್ಡಿಯೇ ನೀಲಿ ಪಟ್ಟಿಯ ಚಪ್ಪಲಿಯನ್ನು ಕಾಲಿನಿಂದ ತಳ್ಳಿದ್ದಳು. ಗಂಡ ಆ ಫಾರಂ ತುಂಬುವುದನ್ನು ಎಷ್ಟೋ ಸಲ ಪಕ್ಕದಲ್ಲಿ ನಿಂತು ನೋಡಿದ್ದ ಅಕ್ಕ ಅದನ್ನು ಹಾಕಿಕೊಂಡು ಕೆಳಗಿಳಿದಿದ್ದಳು. ಮಾರನೇ ದಿನ ಒರೆಸಿ ವಾಪಸ್ ಕಳಿಸಿದ್ದಳು.

ಕಡ್ಡಿ ತಲೆ ಎತ್ತಿದಳು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಎರಡು ಕೈಯಲ್ಲಿ ಎರಡು ಲೋಟ ಹಿಡಿದು. ಭಾವನ ಬೆನ್ನು ಅವಳ ಕಡೆಗಿತ್ತು, ಅವರಿಗೆ ಕಾಣುತ್ತಿರಲಿಲ್ಲ. ಕಡ್ಡಿಗೆ ಮಾತ್ರ ಕಾಣುತ್ತಿತ್ತು. ಹನ್ನೊಂದು ದಿನ ಸಿಟ್ಟೆಂದು ತಿಳಿದಿದ್ದು ಸಿಟ್ಟಲ್ಲ. ಅಕ್ಕನ ಕಣ್ಣಲ್ಲಿ ಇದ್ದದ್ದು ಬರೀ ಭಯ.



"ಮಹಡಿ ಮೇಲೆ?" ಭಾವ ಹುಬ್ಬು ಗಂಟಿಕ್ಕಿದರು. "ಹಾಗಾದ್ರೆ ಆ ಚಪ್ಪಲಿ? ಅದು ನಿಂದಲ್ವಾ?"

ಬದುಕಿನಲ್ಲಿ ಒಂದು ಸಲವೂ ಮಾತನ್ನು ಬಗ್ಗಿಸಿ ಆಡಿ ಗೊತ್ತಿಲ್ಲದವಳು ಕಡ್ಡಿ. 'ನಾನಲ್ಲ' ಎಂದು ಒಂದು ಮಾತು ಸಾಕು. ಇಪ್ಪತ್ತಾರು ವರ್ಷ ತಕ್ಕಡಿ ನೋಡಿದ ಮನುಷ್ಯ, ಯಾವ ಕಡೆ ವಾಲಿತೆಂದು ಅರೆಗಳಿಗೆಯಲ್ಲಿ ತಿಳಿದುಕೊಳ್ಳುತ್ತಾರೆ. ಮದುವೆಯಾದಂದಿನಿಂದ ಅಕ್ಕನ ಮಾತನ್ನು ಅಕ್ಕನಿಗಿಂತ ಹೆಚ್ಚು ನಂಬಿದವರು.

ಬಾಗಿಲಲ್ಲಿ ಅಕ್ಕನ ತಲೆ ಅಲುಗಿತು. ಬೇಡ ಎಂದೋ, ಹೇಳಿಬಿಡು ಎಂದೋ, ಕಡ್ಡಿಗೆ ತಿಳಿಯಲಿಲ್ಲ.

"ನಂದೇ ಭಾವ," ಎಂದಳು. "ಆ ಚಪ್ಪಲಿ ನಂದೇ."

ಸುಳ್ಳಲ್ಲ. ಆದರೆ ಆ ಮಾತು ಹೊರಬಿದ್ದ ಕ್ಷಣದಲ್ಲೇ, ಈಗ ಮನೆಯೊಳಗೂ ತಪ್ಪು ಹೆಸರೊಂದು ಬರೆದುಕೊಂಡಿತು ಎಂದು ಅವಳಿಗೆ ಅನ್ನಿಸಿತು. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಭಾವನಿಗೆ ಅದು ತಪ್ಪೊಪ್ಪಿಗೆಯ ನಾಚಿಕೆಯಂತೆ ಕಂಡಿರಬೇಕು. ಹತ್ತಿರ ಸರಿದು ಅವಳ ತಲೆಯ ಮೇಲೆ ಕೈಯಿಟ್ಟರು.

"ಹೆದರ್ಬೇಡ. ಸೋಮವಾರದ ತನಕ ಟೈಮಿದೆ. ಆ ಬಟ್ಟು ಎಲ್ಲಿಟ್ಟಿದ್ದೀಯ ಹೇಳು. ನಾನೇ ತಗೊಂಡು ಹೋಗಿ ಸಾಹೇಬರ ಮುಂದೆ ಇಡ್ತೀನಿ, ರಿಪೇರಿ ರೂಮಲ್ಲಿ ಸಿಕ್ತು ಅಂತೀನಿ. ಎಲ್ಲಿದೆ?"

ಕಡ್ಡಿ ಬಾಗಿಲ ಕಡೆ ನೋಡಿದಳು. ಅಲ್ಲಿ ಅಕ್ಕ ಇರಲಿಲ್ಲ. ಎರಡು ಲೋಟಗಳು ಹೊಸ್ತಿಲ ಮೇಲೆ ಕೂತಿದ್ದವು. ಅಡುಗೆಮನೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಒಳಗಿನಿಂದ ಚಿಲಕ ಬಿದ್ದ ಸದ್ದು.

"ಏನೇ, ಬಾಗಿಲು ಯಾಕೆ ಹಾಕ್ದೆ?" ಭಾವ ತಿರುಗದೆಯೇ ಕೂಗಿದರು.

ಒಳಗೆ ಡಬ್ಬಿಯೊಂದರ ಮುಚ್ಚಳ ತೆಗೆದ ಸದ್ದು. ಕಾಳುಗಳು ಸರಸರ ಸುರಿದ ಸದ್ದು. ಆಮೇಲೆ ಏನೋ ಕೈ ಜಾರಿ ಕಲ್ಲಿನ ನೆಲದ ಮೇಲೆ ಬಿತ್ತು. ಪಾತ್ರೆಯಂತೆ ಗಣಗಣಿಸಲಿಲ್ಲ. ಒಂದೇ ಪೆಟ್ಟು, ಗಟ್ಟಿಯಾಗಿ, ಭಾರವಾಗಿ. ಬಿದ್ದದ್ದು ಅರ್ಧ ಸುತ್ತು ಉರುಳಿ ನಿಂತಿತು.

ಭಾವನ ಕೈ ಕಡ್ಡಿಯ ತಲೆಯ ಮೇಲಿಂದ ನಿಧಾನವಾಗಿ ಜಾರಿತು.

"ಕಡ್ಡಿ," ಎಂದರು, ಬಾಗಿಲನ್ನೇ ನೋಡುತ್ತಾ, "ಅದು ಒಂದು ಕಿಲೋ."